ಹಾಡಿನ ಪಂದ್ಯದ ಇಳಿಹೊತ್ತು

ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಇವೆಲ್ಲವನ್ನೂ ತನ್ನ ಮಗ್ಗುಲಲ್ಲಿ ಇರಿಸಿಕೊಂಡು ಸಾಗುವ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಭಾದ್ರಪದ ಮಾಸವು ಸಮೀಪಿಸಿತೆಂದರೆ, ಬಡಾವಣೆ ಬಡಾವಣೆಯ ಗಣೇಶೋತ್ಸವ ಮಂಡಳಿಗಳವರು ಕಟ್ಟಿಸುವ ಬ್ಯಾನರುಗಳಲ್ಲಿ ರಸಮಂಜರಿ ಕಾರ್ಯಕ್ರಮದ ಪ್ರಕಟಣೆ ಕಾಣಿಸಿಕೊಳ್ಳುವುದು ವಾಡಿಕೆ. ಆ ಪ್ರಕಟಣೆಯಲ್ಲಿ ಗಾಯಕರ ಭಾವಚಿತ್ರವಿರುತ್ತದೆ, ಹೆಸರಿರುತ್ತದೆ. ಆದರೆ ಹೆಸರಿಗಿಂತ ದಪ್ಪನಾದ ಅಕ್ಷರಗಳಲ್ಲಿ ‘ಸರಿಗಮಪ ಖ್ಯಾತಿಯ’ ಎಂದೋ, ‘ಎದೆ ತುಂಬಿ ಹಾಡುವೆನು ಖ್ಯಾತಿಯ’ ಎಂದೋ ಒಂದು ಬಿರುದು ಇದ್ದೇ ಇರುತ್ತದೆ. ಕಳೆದ ಎರಡು ದಶಕಗಳಲ್ಲಿ ನಮ್ಮ ನಾಡಿನ ಗಾಯಕರಿಗೆ ಸಂದ ಬಿರುದುಗಳಲ್ಲಿ ಇಷ್ಟು ಶೀಘ್ರವಾಗಿ ದೊರೆತು, ಇಷ್ಟು ವ್ಯಾಪಕವಾಗಿ ಹಬ್ಬಿ, ಇಷ್ಟು ಬೇಗನೆ ಸವೆದುಹೋದದ್ದು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ. ಮನೆಮಂದಿಯೆಲ್ಲ ಒಂದೆಡೆ ಕುಳಿತು ನೋಡುತ್ತಿದ್ದ ದೂರದರ್ಶನದ ಗಾಯನಸ್ಪರ್ಧೆಗಳು ಕಾಲಕ್ರಮದಲ್ಲಿ ಹೇಗೆ ಕಳೆಗುಂದಿದವು, ಏಕೆ ಕಳೆಗುಂದಿದವು ಎಂಬುದನ್ನು ಸ್ವಲ್ಪ ವಿವರವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ರಾಮೋಜಿ ರಾವ್ ಅವರ ಈಟಿವಿ ಕನ್ನಡ ವಾಹಿನಿಯು 2000ದ ಡಿಸೆಂಬರ್ 10ರಂದು ಪ್ರಸಾರವನ್ನಾರಂಭಿಸಿತು. ಅದಕ್ಕೆ ಮುನ್ನ 1996ರಲ್ಲಿಯೇ ಆ ಸಂಸ್ಥೆಯ ತೆಲುಗು ವಾಹಿನಿಯಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ‘ಪಾಡುತಾ ತೀಯಗಾ’ ಎಂಬ ಗಾಯನಸ್ಪರ್ಧೆಯನ್ನು ನಡೆಸಿಕೊಡಲಾರಂಭಿಸಿ, ಹೆಸರಿಲ್ಲದ ಊರುಗಳ ಎಳೆಯ ಗಾಯಕರನ್ನು ವಾದ್ಯವೃಂದದ ಎದುರಿಗೆ ತಂದು ನಿಲ್ಲಿಸುವ ಒಂದು ಮಾದರಿಯನ್ನು ರೂಪಿಸಿದ್ದರು. ಆ ಮಾದರಿಯೇ ಕನ್ನಡಕ್ಕೆ ಬಂದು ‘ಎದೆ ತುಂಬಿ ಹಾಡುವೆನು’ ಎನಿಸಿತು. ಇಂದು ರಿಯಾಲಿಟಿ ಶೋ ಎಂದು ಕರೆಯುವ ಕಾರ್ಯಕ್ರಮಗಳ ಸಾಲಿಗೆ ಅದನ್ನೂ ಸೇರಿಸುವುದು ರೂಢಿಯಾಗಿದ್ದರೂ, ಅದರ ಅಂತರಂಗವು ಪಾಠಶಾಲೆಯದಾಗಿತ್ತು ಎಂಬುದನ್ನು ಅದನ್ನು ಕಂಡವರೆಲ್ಲರೂ ಒಪ್ಪಿಯಾರು.

ಬಾಲಸುಬ್ರಹ್ಮಣ್ಯಂ ಅವರು ಅಲ್ಲಿ ವಹಿಸಿದ ಪಾತ್ರವನ್ನು ತೀರ್ಪುಗಾರನದೆನ್ನುವುದಕ್ಕಿಂತ ಉಪಾಧ್ಯಾಯನದೆನ್ನುವುದೇ ಯುಕ್ತ. ಹಾಡು ಮುಗಿದೊಡನೆ ನಿರ್ಣಯವನ್ನು ಘೋಷಿಸುವ ಅವಸರ ಅವರಿಗಿರಲಿಲ್ಲ. ಆ ಗೀತೆಯನ್ನು ಬರೆದವರು ಯಾರು, ಸ್ವರಸಂಯೋಜನೆ ಮಾಡಿದವರು ಯಾರು, ಮೊದಲು ಹಾಡಿದವರು ಅದರ ಯಾವ ಎಡೆಯಲ್ಲಿ ಯಾವ ಭಾವವನ್ನು ತುಂಬಿದರು ಎಂಬುದನ್ನೆಲ್ಲ ಸಾವಧಾನವಾಗಿ ಹೇಳಿ, ಬಳಿಕ ಸ್ಪರ್ಧಿಯು ಎಡವಿದ ಸ್ಥಾನಕ್ಕೆ ಬಂದು, ಮಹಾಪ್ರಾಣವಾಗಬೇಕಾದುದು ಅಲ್ಪಪ್ರಾಣವಾದುದನ್ನೋ, ಳಕಾರವು ಲಕಾರವಾಗಿ ಜಾರಿದುದನ್ನೋ, ಪದದ ನಡುವೆ ಉಸಿರನ್ನು ತೆಗೆದುಕೊಂಡುದರಿಂದ ಅರ್ಥವೇ ಒಡೆದುಹೋದುದನ್ನೋ ತಾವೇ ಹಾಡಿ ತೋರಿಸಿ, ನಗುನಗುತ್ತ ತಿದ್ದುತ್ತಿದ್ದರು. ತಿದ್ದಿಸಿಕೊಂಡ ಹುಡುಗನಿಗಾಗಲಿ ಹುಡುಗಿಗಾಗಲಿ ಅದರಿಂದ ಅವಮಾನವೆನಿಸುತ್ತಿರಲಿಲ್ಲ. ನೋಡುತ್ತಿದ್ದವರಿಗೆ, ತಮಗೂ ಆ ಪಾಠವಾಯಿತೆಂಬ ಸಂತೋಷವಾಗುತ್ತಿತ್ತು. ಕನ್ನಡವು ತಾಯ್ನುಡಿಯಲ್ಲದ ಒಬ್ಬ ಮಹನೀಯರು ಕನ್ನಡದ ಮಕ್ಕಳಿಗೆ ಕನ್ನಡದ ಉಚ್ಚಾರಣೆಯನ್ನು ಕಲಿಸುತ್ತಿದ್ದಾರಲ್ಲವೆ ಎಂದು ನಮ್ಮ ಹಿರಿಯರು ಅಚ್ಚರಿಪಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಇದಕ್ಕೆ ಒಂದು ಹಿನ್ನೆಲೆಯೂ ಉಂಟು. 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡದಲ್ಲಿ ಹಾಡಲಾರಂಭಿಸಿದ ಬಾಲಸುಬ್ರಹ್ಮಣ್ಯಂ ಅವರು ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕ್ರಮವಾಗಿ ಅಭ್ಯಸಿಸಿದವರಲ್ಲ. ಅಂಥವರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳ ಜೀವನವನ್ನು ಕುರಿತ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದಲ್ಲಿ ಹಂಸಲೇಖ ಅವರ ಸಂಗೀತ ನಿರ್ದೇಶನದಲ್ಲಿ ಹಿಂದುಸ್ತಾನೀ ಪದ್ಧತಿಯ ರಚನೆಯೊಂದನ್ನು ಹಾಡುವ ಪ್ರಸಂಗ ಬಂದಿತು. ಅದಕ್ಕಾಗಿ 1995ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು, ಹಂಸಲೇಖರಿಗೂ ಸಂದಿತು. ಕಲಿಯದಿದ್ದುದನ್ನು ಶ್ರಮದಿಂದ ಕಲಿತು ಸಾಧಿಸಿದವನಿಗೆ ಕಲಿಯುವವರ ಕಷ್ಟ ಗೊತ್ತಿರುತ್ತದೆ. ಅವರ ತಿದ್ದುಗೆಯಲ್ಲಿ ಕಾಣುತ್ತಿದ್ದ ಕರುಣೆಯು ಅಲ್ಲಿಂದ ಬಂದುದೆಂದು ನಾನು ನಂಬಿದ್ದೇನೆ.

ಹುಬ್ಬಳ್ಳಿ ಧಾರವಾಡದ ಶ್ರೋತೃಗಳಿಗೆ ಇಂಥ ತಿದ್ದುಗೆ ಹೊಸದಾಗಿರಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿಯುವುದಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ ಅವರು, ಒಂದೇ ಸ್ವರಸಮೂಹವನ್ನು ಗುರುಗಳು ತೃಪ್ತರಾಗುವವರೆಗೂ ಮತ್ತೆ ಮತ್ತೆ ಹಾಡಿ ಗಟ್ಟಿಮಾಡಿಕೊಂಡವರೆಂಬುದು ಈ ಸೀಮೆಯಲ್ಲಿ ಮನೆಮಾತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಂತೂ ಇಡೀ ಉತ್ತರ ಕರ್ನಾಟಕದ ಕಿವಿಯನ್ನು ಹದಗೊಳಿಸಿತು. ಮಲ್ಲಿಕಾರ್ಜುನ ಮನ್ಸೂರರಂಥವರು ಅದರ ಸಂಗೀತ ಸಲಹೆಗಾರರಾಗಿದ್ದರು. ಆಕಾಶವಾಣಿಯಲ್ಲಿಯೂ ಸ್ಪರ್ಧೆಯಂಥದೇ ಒಂದು ಪರೀಕ್ಷೆಯಿತ್ತು, ಈಗಲೂ ಇದೆ. ಅದನ್ನೂ ಆಡಿಷನ್ ಎಂದೇ ಕರೆಯುತ್ತಾರೆ. ಬಿ. ವಿ. ಕೇಸ್ಕರ್ ಅವರು ಕೇಂದ್ರ ಸಚಿವರಾಗಿದ್ದಾಗ ಬಿಗಿಯಾಗಿ ಜಾರಿಗೆ ಬಂದ ಆ ಪದ್ಧತಿಯಲ್ಲಿ, ಹಾಡುವವರು ಯಾರೆಂಬುದನ್ನು ಕಾಣದೆಯೇ ಪರೀಕ್ಷಕರು ಆಲಿಸಿ ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂಬ ಶ್ರೇಣಿಗಳನ್ನು ಕೊಡುತ್ತಿದ್ದರು. ಹಿರಿಯ ಕಲಾವಿದರನೇಕರು ಅದನ್ನು ಪ್ರತಿಭಟಿಸಿದರೆಂಬುದು ನಿಜ. ಅವರ ನೋವಿಗೂ ಕಾರಣವಿತ್ತು. ಆದರೂ ಗಾಯಕನ ಮುಖವನ್ನು ನೋಡದೆ, ಅವನ ಮನೆಯ ಸಂಗತಿಯನ್ನು ಕೇಳದೆ, ಕಂಠವೊಂದನ್ನೇ ತೂಗುವ ಆ ಕ್ರಮದಲ್ಲಿ ಸಂಗೀತದ ಘನತೆಗೆ ಸಲ್ಲಬೇಕಾದುದು ಸಲ್ಲುತ್ತಿತ್ತು.

ಖಾಸಗಿ ವಾಹಿನಿಗಳು ಬಂದಾಗಲೂ ಆರಂಭದಲ್ಲಿ ಈ ಘನತೆ ಉಳಿದೇ ಇತ್ತು. 1995ರಲ್ಲಿ ಝೀ ವಾಹಿನಿಯಲ್ಲಿ ಸೋನು ನಿಗಮ್ ಅವರ ನಿರೂಪಣೆಯಲ್ಲಿ ‘ಸರಿಗಮ’ ಮೊದಲಾದಾಗ, ಪಂಡಿತ ಜಸರಾಜರಂಥ ವಿದ್ವಾಂಸರು ತೀರ್ಪುಗಾರರ ಪೀಠದಲ್ಲಿ ಕುಳಿತಿದ್ದರು. ಅದರ ಮಕ್ಕಳ ವಿಶೇಷ ಸ್ಪರ್ಧೆಯಲ್ಲಿ ಗೆದ್ದ ಶ್ರೇಯಾ ಘೋಷಾಲ್ 2002ರ ‘ದೇವದಾಸ್’ ಚಿತ್ರಕ್ಕೆ ಹಾಡಿ, ತರುವಾಯ ಕನ್ನಡಿಗರಿಗೂ ಅಚ್ಚುಮೆಚ್ಚಿನವರಾದರು. ಆಗ ಸ್ಪರ್ಧೆಯು ಸಂಗೀತಲೋಕದ ಹೆಬ್ಬಾಗಿಲಾಗಿತ್ತು. ಒಳಹೊಕ್ಕವರು ಮುಂದೆ ನಡೆದುಹೋಗಬೇಕೆಂಬುದೇ ಬಾಗಿಲನ್ನು ತೆರೆದವರ ಅಪೇಕ್ಷೆಯೂ ಆಗಿತ್ತು.

ತಿರುವು ಬಂದುದು ಹೊರದೇಶದಿಂದ. 2001ರಲ್ಲಿ ಬ್ರಿಟನ್ನಿನ ‘ಪಾಪ್ ಐಡಲ್’, 2002ರಲ್ಲಿ ‘ಅಮೆರಿಕನ್ ಐಡಲ್’, 2004ರಲ್ಲಿ ಸೋನಿ ವಾಹಿನಿಯ ‘ಇಂಡಿಯನ್ ಐಡಲ್’ ಹೀಗೆ ಸಾಲಾಗಿ ಬಂದ ಈ ಕಾರ್ಯಕ್ರಮಗಳು, ನಿರ್ಣಯದ ಅಧಿಕಾರವನ್ನು ಸಂಗೀತಜ್ಞರ ಕೈಯಿಂದ ತೆಗೆದು ದೂರವಾಣಿ ಹಿಡಿದ ಪ್ರೇಕ್ಷಕರ ಕೈಗಿತ್ತವು. ಮೇಲುನೋಟಕ್ಕೆ ಇದು ಪ್ರಜಾಪ್ರಭುತ್ವದ ವಿಸ್ತರಣೆಯಂತೆ ಕಾಣುತ್ತದೆ, ಮತ್ತು ಜನರಿಗೆ ಒಳ್ಳೆಯ ಹಾಡನ್ನು ಗುರುತಿಸುವ ಶಕ್ತಿಯಿಲ್ಲವೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ಮತವನ್ನು ಕೇಳಬೇಕಾದವನು ಹಾಡಿದರಷ್ಟೇ ಸಾಲದು, ತಾನು ಯಾರೆಂಬುದನ್ನು ಹೇಳಿಕೊಳ್ಳಬೇಕಾಗುತ್ತದೆ. ಅಲ್ಲಿಂದ ಮುಂದಕ್ಕೆ ಸ್ಪರ್ಧಿಯ ಜೊತೆಗೆ ಅವನ ಮನೆಯೂ ವೇದಿಕೆಗೆ ಬಂದಿತು. ಸೋರುವ ಮಾಡು, ಹಾಸಿಗೆ ಹಿಡಿದ ತಂದೆ, ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಿ ಇವರೆಲ್ಲರನ್ನೂ ಕ್ಯಾಮೆರಾ ಹುಡುಕಿಕೊಂಡು ಹೋಯಿತು. ಬಡತನದಿಂದ ಬಂದ ಮಕ್ಕಳಿಗೆ ವೇದಿಕೆ ದೊರೆತುದು ಮಹತ್ತಾದ ಪುಣ್ಯಕಾರ್ಯವೇ ಸರಿ. ಆ ಬಡತನವನ್ನು ವಾರವಾರವೂ ಮತ್ತೆ ಮತ್ತೆ ತೋರಿಸಿ, ಹಿನ್ನೆಲೆಯಲ್ಲಿ ಪಿಟೀಲಿನ ಶೋಕಸ್ವರವನ್ನು ಹರಿಸಿ, ತೀರ್ಪುಗಾರರ ಕಣ್ಣೊರಸುವಿಕೆಯನ್ನು ಸಮೀಪದಿಂದ ಹಿಡಿದು, ಬಳಿಕ ಹಾಡಿಗೆ ಪಲ್ಲವಿಯೊಂದು ಚರಣವೊಂದರಷ್ಟೇ ಅವಕಾಶವನ್ನು ಕೊಟ್ಟುದು ಮಾತ್ರ ಆ ಮಕ್ಕಳಿಗೂ ಸಂಗೀತಕ್ಕೂ ಏಕಕಾಲದಲ್ಲಿ ಮಾಡಿದ ಅನ್ಯಾಯ.

ಇದರ ಹಿಂದಿರುವ ಲೆಕ್ಕಾಚಾರವನ್ನು ಸಾಮಾನ್ಯ ಓದುಗರು ತಿಳಿದಿರುವುದೊಳಿತು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂಬುದನ್ನು ಬಾರ್ಕ್ ಎಂಬ ಸಂಸ್ಥೆ, ದೇಶಾದ್ಯಂತ ಆಯ್ದ 50,000ಕ್ಕೂ ಮಿಕ್ಕ ಮನೆಗಳಲ್ಲಿ ಇರಿಸಿದ ಮಾಪಕಯಂತ್ರಗಳ ಮೂಲಕ ಅಳೆದು, ಗುರುವಾರಗಳಂದು ಪ್ರಕಟಿಸುತ್ತದೆ. ಇದನ್ನೇ ಬಳಕೆಯಲ್ಲಿ ಟಿಆರ್‌ಪಿ ಎನ್ನುವರು. ಗಂಟೆಯೊಂದರಲ್ಲಿ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತನ್ನು ತೋರಿಸಲಾಗದೆಂಬ ನಿಯಮವಿರುವುದರಿಂದ, ವಾಹಿನಿಯ ಆದಾಯವು ಆ ಹನ್ನೆರಡು ನಿಮಿಷಗಳಿಗೆ ಎಷ್ಟು ಬೆಲೆ ಬಂದೀತೆಂಬುದನ್ನೇ ಅವಲಂಬಿಸಿರುತ್ತದೆ, ಮತ್ತು ಆ ಬೆಲೆಯನ್ನು ನಿರ್ಧರಿಸುವುದು ಗುರುವಾರದ ಅಂಕೆ. ಹಾಡು ಹೇಗಿತ್ತೆಂಬುದನ್ನು ಮಾಪಕಯಂತ್ರ ತಿಳಿಯದು. ಪ್ರೇಕ್ಷಕನು ಬೇರೆ ವಾಹಿನಿಗೆ ಹೊರಳಿದನೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಆದಕಾರಣ ಪ್ರೇಕ್ಷಕನು ಹೊರಳದಂತೆ ನೋಡಿಕೊಳ್ಳುವ ಉಪಾಯಗಳು ಒಂದರ ಮೇಲೊಂದು ಸೇರಿಕೊಂಡವು: ಹಾಡಿನ ಹಿಂದೆ ನರ್ತಕರ ತಂಡ, ಹೊಗೆ, ನಡುವೆ ಹಾಸ್ಯಪ್ರಹಸನ, ಚಿತ್ರವೊಂದರ ಬಿಡುಗಡೆಗಾಗಿ ಬಂದ ನಾಯಕ ನಟನ ಸನ್ಮಾನ, ಎಲಿಮಿನೇಷನ್ನಿನ ಘಳಿಗೆಯಲ್ಲಿ ಉಸಿರು ಬಿಗಿಹಿಡಿಸುವ ಮೌನ. ಇವುಗಳಲ್ಲಿ ಯಾವೊಂದೂ ತಾನಾಗಿ ದೋಷವಲ್ಲ. ಎಲ್ಲವೂ ಒಟ್ಟಾದಾಗ ಹಾಡಿಗೆ ಉಳಿದ ಜಾಗವೇ ಕಿರಿದಾಯಿತು.

ಹೊಗಳಿಕೆಯೂ ಅಂತೆಯೇ ಅಗ್ಗವಾಯಿತು. 2021ರ ಮೇ ತಿಂಗಳಲ್ಲಿ ‘ಇಂಡಿಯನ್ ಐಡಲ್’ ಕಾರ್ಯಕ್ರಮದ ಕಿಶೋರ್ ಕುಮಾರ್ ವಿಶೇಷ ಸಂಚಿಕೆಗೆ ಅತಿಥಿಯಾಗಿ ಹೋಗಿದ್ದ ಅವರ ಪುತ್ರ ಅಮಿತ್ ಕುಮಾರ್ ಅವರು, ಹೇಗೆ ಹಾಡಿದರೂ ಎಲ್ಲರನ್ನೂ ಹೊಗಳಬೇಕೆಂದು ತಮಗೆ ಸೂಚಿಸಲಾಗಿತ್ತೆಂದೂ, ಆ ಸಂಚಿಕೆ ತಮಗೆ ಹಿಡಿಸಲಿಲ್ಲವೆಂದೂ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷದ ಆಗಸ್ಟ್ 15ರಂದು ಆ ಆವೃತ್ತಿಯ ಗ್ರ್ಯಾಂಡ್ ಫಿನಾಲೆ ಹನ್ನೆರಡು ಗಂಟೆಗಳ ಕಾಲ ನಡೆಯಿತು. ನಾದದ ಮೇಲಿನ ವಿಶ್ವಾಸ ಕುಂದಿದಾಗ ಕಾಲಾವಧಿಯನ್ನು ಹಿಗ್ಗಿಸುವ ಆಸೆ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

ಕನ್ನಡದ ‘ಸರಿಗಮಪ’ವನ್ನು ಇದೇ ಸಾಲಿನಲ್ಲಿಟ್ಟು ತೂಗಿದರೆ ಅನ್ಯಾಯವಾದೀತು. ಝೀ ಕನ್ನಡ ವಾಹಿನಿಯ ಆ ವೇದಿಕೆಯಲ್ಲಿ ಹಂಸಲೇಖ ಅವರು ಮಹಾಗುರುಗಳ ಪೀಠದಲ್ಲಿ ಕುಳಿತು ರಾಗದ ಲಕ್ಷಣವನ್ನೂ ಜಾನಪದದ ಲಯವನ್ನೂ ಬಿಡಿಸಿ ಹೇಳಿದ ಸಂಜೆಗಳಿದ್ದವು; ವಿಜಯ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಇವರು ಅನೇಕ ಎಳೆಯರನ್ನು ಕೈಹಿಡಿದು ನಡೆಸಿದರು. ಉತ್ತರ ಕರ್ನಾಟಕದ ಮಟ್ಟಿಗಂತೂ ಅದರ ಉಪಕಾರ ದೊಡ್ಡದು. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಲಮಾಣಿ ಅವರು ಲುಂಗಿ ಅಂಗಿಯಲ್ಲಿಯೇ ಬಂದು 15ನೆಯ ಆವೃತ್ತಿಯಲ್ಲಿ ಹಾಡಿ ಎರಡನೆಯ ಸ್ಥಾನವನ್ನು ಪಡೆದಾಗ, ನಮ್ಮ ಹೊಲಗದ್ದೆಗಳ ಧ್ವನಿಗೆ ಮೈಸೂರು ಬೆಂಗಳೂರುಗಳ ಮನೆಗಳಲ್ಲಿಯೂ ಆದರ ದೊರೆತುದನ್ನು ಕಂಡು ಈ ಕಡೆಯ ಜನ ಮನಃಪೂರ್ವಕ ಹಿಗ್ಗಿದರು.

ಆದರೆ ಅದೇ ಹನುಮಂತರ ಮುಂದಿನ ದಾರಿ ಯಾವುದಾಯಿತೆಂಬುದನ್ನು ಗಮನಿಸಬೇಕು. ಕೆಲವು ವರ್ಷಗಳ ಬಳಿಕ ಅವರು ‘ಬಿಗ್ ಬಾಸ್ ಕನ್ನಡ’ದ 11ನೆಯ ಆವೃತ್ತಿಯ ಮನೆಯನ್ನು ನಡುವಿನಲ್ಲಿ ಪ್ರವೇಶಿಸಿ, 2025ರ ಜನವರಿಯಲ್ಲಿ ವಿಜೇತರೆನಿಸಿದರು, ಅವರಿಗೆ ಬಂದ ಮತಗಳು ಐದು ಕೋಟಿಗೂ ಮಿಗಿಲೆಂದು ಪ್ರಕಟಿಸಲಾಯಿತು. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಒಬ್ಬರೇ ಹಲವು ಬಾರಿ ಮತ ನೀಡಬಹುದಾದ್ದರಿಂದ ಈ ಎರಡು ಸಂಖ್ಯೆಗಳನ್ನು ಸರಿದೂಗಿಸಲಾಗದು, ನಿಜ. ಆ ಗೆಲುವು ಅವರಿಗೆ ಸಲ್ಲತಕ್ಕದ್ದೇ. ಅವರ ಸರಳತೆಯನ್ನು ಜನ ಪ್ರೀತಿಸಿದರು. ನನ್ನನ್ನು ಚಿಂತೆಗೀಡುಮಾಡುವುದು ಬೇರೊಂದು ಸಂಗತಿ. ಹಾಡಿನಿಂದ ಬೆಳಕಿಗೆ ಬಂದ ಒಬ್ಬ ಗಾಯಕನಿಗೆ ಅತ್ಯಂತ ದೊಡ್ಡ ಮನ್ನಣೆ ದೊರೆತುದು ಹಾಡಿನ ವೇದಿಕೆಯಲ್ಲಿ ಆಗಿರದೆ, ಮುಚ್ಚಿದ ಮನೆಯೊಂದರಲ್ಲಿ ಉಂಡುಟ್ಟು ಮಾತಾಡಿ ಕಾಲ ಕಳೆದುದಕ್ಕಾಗಿ. ಗಾಯನಸ್ಪರ್ಧೆಯ ಇಳಿಗಾಲವನ್ನು ಇದಕ್ಕಿಂತ ಖಚಿತವಾಗಿ ತೋರಿಸುವ ಘಟನೆಯನ್ನು ನಾನು ಕಾಣೆ.

ಇನ್ನು ಗೋಕುಲ ರಸ್ತೆಯ ಬ್ಯಾನರುಗಳ ಹಿಂದಿರುವ ಬಾಳಿನ ಕಡೆಗೆ ಬರೋಣ. ದೂರದರ್ಶನದಲ್ಲಿ ಮಿಂಚಿದ ಬಹುಸಂಖ್ಯಾತರಿಗೆ ಚಲನಚಿತ್ರದ ಧ್ವನಿಮುದ್ರಣ ಶಾಲೆಗಳ ಬಾಗಿಲು ತೆರೆಯಲಿಲ್ಲ. ಅವರ ಅನ್ನ ಹುಟ್ಟುವುದು ಗಣೇಶೋತ್ಸವ, ಜಾತ್ರೆ, ಮದುವೆ, ಕಾಲೇಜಿನ ಗ್ಯಾದರಿಂಗ್ ಇವುಗಳಲ್ಲಿ ನಡೆಯುವ ಆರ್ಕೆಸ್ಟ್ರಾಗಳಲ್ಲಿ. ಇಂಥ ತಂಡವೊಂದರಲ್ಲಿ ಬಹುಕಾಲದಿಂದ ಕೀಬೋರ್ಡ್ ನುಡಿಸುವ ಪರಿಚಿತರೊಬ್ಬರನ್ನು ಈ ಕುರಿತು ವಿಚಾರಿಸಿದಾಗ ಅವರೆಂದರು: “ಮೊದಲೆಲ್ಲ ಟೀವ್ಯಾಗ ಬಂದವರನ್ನ ಕರಸ್ರಿ ಅಂತಿದ್ರು ನೋಡ್ರಿ. ಈಗ ಟೀವ್ಯಾಗ ಬಂದವರು ಓಣಿಗೊಬ್ಬರದಾರ. ಈ ವರ್ಷ ಬಂದವರನ್ನ ಕರಸ್ರಿ ಅಂತಾರ. ಹೋದ ವರ್ಷದವರ ಹೆಸರು ಯಾರಿಗೂ ನೆನಪಿಲ್ಲರೀ.” ಅವರ ಮಾತಿನಲ್ಲಿ ಕಹಿಯಿರಲಿಲ್ಲ, ಆದರೆ ಅದರಲ್ಲಿ ಅಡಗಿದ ಸತ್ಯ ಕಠೋರವಾದದ್ದು. ಒಂದು ಆವೃತ್ತಿ ಮುಗಿಯುವುದರೊಳಗೆ ಮತ್ತೊಂದರ ಆಡಿಷನ್ ಆರಂಭವಾಗುತ್ತದೆ. ಒಂದು ವಾಹಿನಿಯಲ್ಲಿ ಸೋತವರು ಇನ್ನೊಂದು ವಾಹಿನಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹತ್ತು ಹನ್ನೆರಡರ ಪ್ರಾಯದ ಬಾಲಕನು ಒಂದು ಋತುವಿಡೀ ಕಣ್ಮಣಿಯೆನಿಸಿಕೊಂಡು, ಮರುವರ್ಷ ಕಂಠವೊಡೆಯುವ ವಯಸ್ಸಿಗೆ ಬಂದಾಗ, ಅವನಿಗೆ ಗುರುವೊಬ್ಬರ ಆಸರೆ ಎಲ್ಲಕ್ಕಿಂತ ಅಗತ್ಯವಾಗಿರುವ ಆ ಹೊತ್ತಿನಲ್ಲಿ, ಅವನ ಕಡೆಗೆ ತಿರುಗಿ ನೋಡುವವರಿರುವುದಿಲ್ಲ.

ಕೈಯೊಳಗಿನ ಮೊಬೈಲು ಉಳಿದುದನ್ನು ಪೂರೈಸಿತು. ಸಂಚಿಕೆಯನ್ನು ಪೂರ್ತಿ ನೋಡುವ ತಾಳ್ಮೆ ಬೇಕಿಲ್ಲವಾಗಿ, ತೀರ್ಪುಗಾರರು ಬೆರಗಾದ ಅರ್ಧ ನಿಮಿಷದ ತುಣುಕು ಸಾಕೆನಿಸಿತು. ಅಂಥ ತುಣುಕುಗಳಿಗಾಗಿಯೇ ಹಾಡನ್ನು ರೂಪಿಸಿದರೆ ಆಲಾಪಕ್ಕೆ ಎಡೆಯೆಲ್ಲಿ?

2020ರ ಸೆಪ್ಟೆಂಬರ್ 25ರಂದು ಬಾಲಸುಬ್ರಹ್ಮಣ್ಯಂ ಅವರು ಚೆನ್ನೈಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಈಟಿವಿ ಕನ್ನಡವು 2015ರಲ್ಲಿಯೇ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿತ್ತು. 2021ರಲ್ಲಿ ಆ ವಾಹಿನಿಯು ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಅವರ ನೆನಪಿಗೆ ಗೌರವವಾಗಿ ಮರಳಿ ತಂದು, ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ಮೊದಲಾದವರನ್ನು ತೀರ್ಪುಗಾರರನ್ನಾಗಿ ಕೂಡಿಸಿತು. ಇವರೆಲ್ಲರೂ ಸಮರ್ಥರು, ಸಂಗೀತವನ್ನು ಪ್ರೀತಿಸುವವರು. ಗಾಯಕರಲ್ಲಿಯೂ ಪ್ರತಿಭೆಗೆ ಕೊರತೆಯಿರಲಿಲ್ಲ. ಆದರೂ ಹಳೆಯ ಕಾರ್ಯಕ್ರಮವನ್ನು ಬಲ್ಲ ಮನೆಗಳಲ್ಲಿ ಅದು ಹಿಂದಿನಂತೆ ಬೇರೂರಲಿಲ್ಲ. ಹೆಸರನ್ನು ಮರಳಿ ತರಬಹುದು. ವೇದಿಕೆ, ದೀಪ, ವಾದ್ಯವೃಂದ ಇವನ್ನು ಇನ್ನಷ್ಟು ವೈಭವದಿಂದ ಸಜ್ಜುಗೊಳಿಸಬಹುದು. ಒಬ್ಬ ಗುರುವು ಒಬ್ಬ ಶಿಷ್ಯನ ಒಂದು ಅಕ್ಷರವನ್ನು ತಿದ್ದುವುದಕ್ಕಾಗಿ ಐದು ನಿಮಿಷವನ್ನು ಕೊಡುವ ಔದಾರ್ಯವನ್ನು ಈ ಕಾಲದ ವೇಳಾಪಟ್ಟಿ ಸಹಿಸುವುದಿಲ್ಲ.

ಹೀಗಾದುದು ನಮ್ಮಲ್ಲಿ ಮಾತ್ರವಲ್ಲ. ‘ಅಮೆರಿಕನ್ ಐಡಲ್’ ಕಾರ್ಯಕ್ರಮದ 2003ರ ಅಂತಿಮ ಸಂಚಿಕೆಯನ್ನು ಸುಮಾರು 3 ಕೋಟಿ 80 ಲಕ್ಷ ಜನ ನೋಡಿದ್ದರು. 2016ರಲ್ಲಿ ಫಾಕ್ಸ್ ವಾಹಿನಿ ಅದನ್ನು 15 ಆವೃತ್ತಿಗಳ ಬಳಿಕ ನಿಲ್ಲಿಸಿದಾಗ, ಕೊನೆಯ ಸಂಚಿಕೆಯನ್ನು ನೋಡಿದವರು ಸುಮಾರು 1 ಕೋಟಿ 30 ಲಕ್ಷ. ಎರಡು ವರ್ಷಗಳ ತರುವಾಯ ಎಬಿಸಿ ವಾಹಿನಿ ಅದನ್ನು ಮತ್ತೆ ಆರಂಭಿಸಿತಾದರೂ ಮೊದಲಿನ ತೇಜಸ್ಸು ಮರಳಲಿಲ್ಲ. ಮೊದಲ ವಿಜೇತೆ ಕೆಲ್ಲಿ ಕ್ಲಾರ್ಕ್‌ಸನ್ ಲೋಕಪ್ರಸಿದ್ಧರಾದರು. ತರುವಾಯದ ವಿಜೇತರಲ್ಲಿ ಅನೇಕರ ಹೆಸರು ಅವರ ದೇಶದವರಿಗೇ ನೆನಪಿಲ್ಲ.

ಗೋಕುಲ ರಸ್ತೆಯ ಮಂಡಳಿಗಳವರಲ್ಲಿ ನನ್ನದೊಂದು ವಿನಂತಿಯಿದೆ: ಈ ವರ್ಷ ಯಾವ ವಾಹಿನಿಯಲ್ಲಿ ಕಾಣಿಸಿಕೊಂಡರೆಂದು ಕೇಳದೆ, ಗದುಗಿನ ಪುಣ್ಯಾಶ್ರಮದಲ್ಲಿ ಕಲಿತವರನ್ನೋ ಧಾರವಾಡ ಆಕಾಶವಾಣಿಯ ಶ್ರೇಣಿ ಪಡೆದವರನ್ನೋ ಒಂದು ಸಂಜೆಗಾದರೂ ಕರೆಯಿರಿ, ಮತ್ತು ಅವರಿಗೆ ಹಾಡನ್ನು ಪೂರ್ತಿಯಾಗಿ ಹಾಡಲು ಬಿಡಿ. ಇದಕ್ಕಿಂತ ದೊಡ್ಡದಾದ ಇನ್ನೊಂದು ವಿನಂತಿಯು ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಟ್ಟ ಹಳೆಯ ಸಂಚಿಕೆಗಳು ಯಾರ ವಶದಲ್ಲಿರುವುವೋ ಅವರಿಗೆ. ಆ ಸಂಚಿಕೆಗಳಲ್ಲಿ ಕನ್ನಡ ಚಿತ್ರಗೀತೆಯ ಅರ್ಧ ಶತಮಾನದ ಇತಿಹಾಸವಿದೆ. ಗೀತರಚನಕಾರರ, ವಾದ್ಯಗಾರರ, ಧ್ವನಿಮುದ್ರಣ ಶಾಲೆಗಳ ನೆನಪುಗಳಿವೆ. ಕನ್ನಡವನ್ನು ಹೇಗೆ ಉಚ್ಚರಿಸಿ ಹಾಡಬೇಕೆಂಬ ಪಾಠವಿದೆ. ಅವುಗಳ ಒಂದು ಪೂರ್ಣ ಪ್ರತಿಯನ್ನು ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯಕ್ಕೂ, ಇನ್ನೊಂದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಒಪ್ಪಿಸಿ, ಕಲಿಯಬಯಸುವ ಯಾವ ವಿದ್ಯಾರ್ಥಿಯಾದರೂ ಹಣ ತೆರದೆ ಕುಳಿತು ಕೇಳುವಂತೆ ಅವರು ಏರ್ಪಾಡು ಮಾಡಬೇಕು.